ಲಾಳಿ ಹುಡುಕುತ್ತ ಕಲ್ಕತ್ತೆಯಲ್ಲಿ

ಕಲ್ಕತ್ತೆಗೆ ಬರುವ ನಮ್ಮ ಕಡೆಯ ನೆಂಟರಿಷ್ಟರು ನೋಡುವುದು ಬಹುಮಟ್ಟಿಗೆ ಒಂದೇ ಪಟ್ಟಿ. ಕಾಳಿಘಟ್ಟದ ಅಮ್ಮನವರ ದರ್ಶನ, ದಕ್ಷಿಣೇಶ್ವರ, ಬೇಲೂರು ಮಠ, ಹೌರಾ ಸೇತುವೆ, ವಿಕ್ಟೋರಿಯಾ ಸ್ಮಾರಕ. ಹೊರಡುವ ದಿನ ಒಂದು ಮಡಕೆ ರಸಗುಲ್ಲ. ಇವೆಲ್ಲ ನೋಡತಕ್ಕವೇ, ತಿನ್ನತಕ್ಕದ್ದೇ. ಆದರೆ ಈ ಊರಲ್ಲಿ ಸಂಸಾರ ಹೂಡಿ ಕೆಲವು ವರ್ಷ ಕಳೆದವರಿಗೆ ತಮ್ಮದೇ ಆದ ಬೇರೊಂದು ಕಲ್ಕತ್ತೆ ಇರುತ್ತದೆ. ಮೀನಿನ ಮಾರುಕಟ್ಟೆಯ ನಡುವೆ ಕರಿಬೇವು ಸಿಕ್ಕುವ ಮೂಲೆ ಒಬ್ಬರಿಗೆ ಗೊತ್ತು. ಹಳೆಯ ಪುಸ್ತಕಗಳ ಕಾಲೇಜು ಬೀದಿ ಇನ್ನೊಬ್ಬರಿಗೆ. ನಮ್ಮದು ಹಳೆಯ ಹೊಲಿಗೆಯ ಮಿಷನ್ನುಗಳ ಕಲ್ಕತ್ತೆ. ಅದನ್ನು ಈ ಸಲ ವಾಚಕರಿಗೆ ಸ್ವಲ್ಪ ತೋರಿಸೋಣವೆಂದು ಹೊರಟಿದ್ದೇವೆ.

ನಾವು ಎಂದರೆ ಇಲ್ಲಿ ಇಬ್ಬರು. ಒಬ್ಬರು ಡಾಲ್‌ಹೌಸಿ ಚೌಕದ, ಎಂದರೆ ಈಗಿನ ಬಿನಯ-ಬಾದಲ್-ದಿನೇಶ್ ಬಾಗಿನ, ಸಮೀಪದ ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಇನ್ನೊಬ್ಬರು ಮನೆಯೊಡತಿ, ಹೊಲಿಗೆ ಬಲ್ಲವರು. ಮಿಷನ್ನನ್ನು ಹೊತ್ತು ತರುವುದು ಮೊದಲನೆಯವರ ಕೆಲಸ; ಅದು ಹೊಲಿಯುತ್ತದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ಎರಡನೆಯವರ ಅಧಿಕಾರ. ಲೇಕ್ ಗಾರ್ಡನ್ಸಿನ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಈಗ ಏಳು ಮಿಷನ್ನುಗಳಿವೆ. ಎಂಟನೆಯದು ಬಂದರೆ ನೀವೇ ಹೊರಗೆ ಮಲಗಬೇಕಾದೀತೆಂದು ಮನೆಯ ಮಾಲೀಕರಾದ ಮುದುಕಿಯಮ್ಮ ನಕ್ಕುಕೊಂಡೇ ಎಚ್ಚರಿಸಿದ್ದಾರೆ.

ಅಂಚೆಚೀಟಿ, ನಾಣ್ಯ ಕೂಡಿಸುವವರಿಗಿಲ್ಲದ ಒಂದು ತಾಪತ್ರಯ ಈ ಹವ್ಯಾಸದಲ್ಲಿದೆ. ಚೀಟಿಯನ್ನು ಅಂಟಿಸಿದರೆ ಆಯಿತು, ನಾಣ್ಯವನ್ನು ಒರಸಿಟ್ಟರೆ ಆಯಿತು. ಹೊಲಿಗೆಯ ಮಿಷನ್ನು ಹೊಲಿಯಬೇಕು; ಹೊಲಿಯದಿದ್ದರೆ ಅದು ಹತ್ತು ಹನ್ನೆರಡು ಕಿಲೋ ತೂಕದ ಕಬ್ಬಿಣ. ಅದು ಹೊಲಿಯಲು ಬೇಕಾದದ್ದು ಹೊರಗೆ ಮಿರುಗುವ ಚಿನ್ನದ ಬಣ್ಣದ ಬಳ್ಳಿಯೂ ಅಲ್ಲ, ಕೈಚಕ್ರವೂ ಅಲ್ಲ. ಅದರ ಹೊಟ್ಟೆಯೊಳಗೆ ಕೂರುವ, ಎರಡು ಬೆರಳಿನಲ್ಲಿ ಹಿಡಿಯಬಹುದಾದ ಬಾಬಿನ್ನು. ಮಿಷನ್ನು ನೂರು ವರ್ಷ ಬಾಳುತ್ತದೆ. ಬಾಬಿನ್ನು ಮೇಜಿನಿಂದ ಉರುಳಿ ಮಂಚದ ಕೆಳಗೆ ಹೋಗಿ, ಮನೆ ಬದಲಾಯಿಸುವ ದಿನ ಕಸದ ಜೊತೆ ಹೊರಟುಹೋಗುತ್ತದೆ. ಆಮೇಲೆ ಬರುವವರೆಲ್ಲರೂ ಹೇಳುವುದು ಒಂದೇ ಮಾತು: "ಇದಕ್ಕೆ ಈಗ ಸಾಮಾನು ಸಿಗುವುದಿಲ್ಲ, ತೂಕಕ್ಕೆ ಹಾಕಿಬಿಡಿ." ಆನೆಯನ್ನು ಕೊಂಡು ಅಂಕುಶವಿಲ್ಲವೆಂದು ಮಾರಿದ ಹಾಗಾಯಿತು.

ಸಿಗುವುದಿಲ್ಲ ಎಂಬ ಆ ಮಾತು ಬಹಳ ಸಲ ನಿಜವಲ್ಲ. ಯಾವುದನ್ನು ಕೇಳಬೇಕೆಂದು ಗೊತ್ತಿರಬೇಕು, ಯಾರನ್ನು ಕೇಳಬೇಕೆಂದೂ ಗೊತ್ತಿರಬೇಕು. ಮೊದಲನೆಯದಕ್ಕೆ ಮಿಷನ್ನಿನ ಕುಲಗೋತ್ರ ತಿಳಿಯಬೇಕು. ಎರಡನೆಯದಕ್ಕೆ ಕಲ್ಕತ್ತೆಯ ಬೀದಿಗಳು ತಿಳಿಯಬೇಕು.

ಕುಲಗೋತ್ರದ ಮಾತು ಮೊದಲು ಮುಗಿಸೋಣ. ಐಸಾಕ್ ಮೆರಿಟ್ ಸಿಂಗರ್ ಎಂಬ ಅಮೆರಿಕದವನು ಎಡ್ವರ್ಡ್ ಕ್ಲಾರ್ಕ್ ಎಂಬ ವಕೀಲನ ಜೊತೆಗೂಡಿ 1851ರಲ್ಲಿ ಕಂಪೆನಿ ಕಟ್ಟಿದ. 1856ರ ಹೊತ್ತಿಗೆ ಕಂತಿನ ಮೇಲೆ ಮಾರುವ ಪದ್ಧತಿಯನ್ನು ಇವರು ತಂದರು. ಅದರಿಂದಾಗಿ ಸಾಧಾರಣ ದರ್ಜಿಯ ಮನೆಗೂ ಮಿಷನ್ನು ಹೊಕ್ಕಿತು. ನಮ್ಮ ದೇಶಕ್ಕೆ ಸಿಂಗರ್ ಬಂದದ್ದು 1870ರ ದಶಕದಲ್ಲಿ. ನಸ್ಸರ್ವಾನ್ಜಿ ಮೇರ್ವಾನ್ಜಿ ಪಟೇಲ್ ಎಂಬ ಪಾರಸಿ ಮಹನೀಯರು ಬಹುಕಾಲ ಭಾರತ, ಬರ್ಮಾ ಮತ್ತು ಸಿಂಹಳದಲ್ಲಿ ಅದರ ವ್ಯಾಪಾರವನ್ನು ನಡೆಸಿದರು. ಯಂತ್ರಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಗಾಂಧೀಜಿಯವರು ಕೂಡ 1924ರಲ್ಲಿ ಒಂದು ಸಂವಾದದಲ್ಲಿ ಸಿಂಗರ್ ಮಿಷನ್ನಿಗೆ ಮಾತ್ರ ವಿನಾಯಿತಿ ಕೊಟ್ಟು, ಮನುಷ್ಯನಿಗೆ ನಿಜವಾಗಿ ಉಪಯೋಗಕ್ಕೆ ಬಂದ ಕೆಲವೇ ಸಾಧನಗಳಲ್ಲಿ ಅದೂ ಒಂದೆಂದು ಹೊಗಳಿದ್ದರು.

ಇಲ್ಲಿ ಸಿಕ್ಕುವ ಹಳೆಯ ಸಿಂಗರುಗಳಲ್ಲಿ ಬಹಳಷ್ಟು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನ ಕಿಲ್ಬೋವಿ ಕಾರ್ಖಾನೆಯಲ್ಲಿ ಆದವು. 15ಕೆ, 28ಕೆ, 66ಕೆ, 99ಕೆ ಎಂದು ಮಾದರಿಯ ಅಂಕೆಯ ಮುಂದೆ ಬರುವ ಕೆ ಎಂಬ ಅಕ್ಷರ ಆ ಕಿಲ್ಬೋವಿಯ ಗುರುತು. ಮಿಷನ್ನಿನ ತಳದ ಬಲಬದಿಯಲ್ಲಿ ಒತ್ತಿರುವ ಕ್ರಮಸಂಖ್ಯೆ ನಮ್ಮ ಕಚೇರಿಯ ಕಡತದ ನಂಬರಿನಂತೆ: ಮೊದಲು ಅಕ್ಷರ, ಆಮೇಲೆ ಅಂಕೆ. ಅದನ್ನು ಕಂಪೆನಿಯ ದಾಖಲೆಯ ಪಟ್ಟಿಗೆ ಹೋಲಿಸಿದರೆ ಯಾವ ವರ್ಷದ್ದು, ಯಾವ ಮಾದರಿಯದು ಎಂಬುದು ಹೊರಬೀಳುತ್ತದೆ. ಗುಮಾಸ್ತರಾದ ನಮಗೆ ಈ ಹವ್ಯಾಸ ಹಿಡಿಯಲು ಇದೂ ಒಂದು ಕಾರಣವಿದ್ದೀತು.

ಮಾದರಿ ಗೊತ್ತಾದರೆ ಬಾಬಿನ್ನಿನ ಜಾತಿ ಗೊತ್ತಾಯಿತು. ಮನೆಗಳಲ್ಲಿ ಸಿಕ್ಕುವ ಹಳೆಯ ಸಿಂಗರುಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಮೊದಲನೆಯದು 27, 28, 127, 128 ಎಂಬ ಮಿಷನ್ನುಗಳದು. ಇವುಗಳ ತಳದ ಜಾರುತಟ್ಟೆಯನ್ನು ಸರಿಸಿದರೆ ಒಳಗೆ ಕಾಣುವುದು ಉದ್ದನೆಯ, ಒಂದು ತುದಿ ಚೂಪಾದ ಉಕ್ಕಿನ ಗೂಡು. ಇಂಗ್ಲಿಷಿನಲ್ಲಿ ಇದಕ್ಕೆ ಶಟಲ್ ಎನ್ನುತ್ತಾರೆ. ಇಳಕಲ್ಲು ಮೊಳಕಾಲ್ಮೂರುಗಳ ಕಡೆಯವರಿಗೆ ಅದರ ಹೆಸರನ್ನು ಯಾರೂ ಹೇಳಿಕೊಡಬೇಕಾದ್ದಿಲ್ಲ: ಅದು ಲಾಳಿಯೇ. ಮಗ್ಗದ ಲಾಳಿಯ ಹೊಟ್ಟೆಯಲ್ಲಿ ಕಂಡಿಕೆ ಕೂರುವಂತೆ ಈ ಪುಟ್ಟ ಲಾಳಿಯ ಹೊಟ್ಟೆಯಲ್ಲಿ ಕಡ್ಡಿಯಂಥ ಉದ್ದ ಬಾಬಿನ್ನು ಕೂರುತ್ತದೆ. ಮಿಷನ್ನು ತಿರುಗಿದಂತೆ ಅದು ಹಿಂದಕ್ಕೂ ಮುಂದಕ್ಕೂ ತೂಗುತ್ತದೆ.

ಎರಡನೆಯದು 66 ಮತ್ತು ಅದರ ಚಿಕ್ಕ ತಂಗಿ 99. ಇವುಗಳ ಬಾಬಿನ್ನು ದುಂಡಗಿನದು; ಮೇಲಿನಿಂದ ತೊಟ್ಟಿಲಿಗೆ ಹಾಕಿದಂತೆ ಹಾಕಬೇಕು. ಮೂರನೆಯದು 15. ಇದರ ಬಾಬಿನ್ನೂ ದುಂಡಗಿನದೇ, ಆದರೆ ಅದನ್ನು ಬಟ್ಟಲಿನಂಥ ಕೇಸಿನಲ್ಲಿಟ್ಟು ಬದಿಯಿಂದ ಸಿಕ್ಕಿಸಬೇಕು. ಮೋಸ ಇರುವುದು ಈ ಎರಡು ದುಂಡು ಬಾಬಿನ್ನುಗಳ ನಡುವೆ. ಅಗಲದಲ್ಲಿ ಎರಡೂ ಸುಮಾರು ಎರಡು ಸೆಂಟಿಮೀಟರು. ಅಂಗೈಯಲ್ಲಿಟ್ಟುಕೊಂಡರೆ ಅವಳಿ ಮಕ್ಕಳ ಹಾಗೆ. ಆದರೆ 15ರದರ ಎರಡು ಮುಖಗಳೂ ಚಪ್ಪಟೆ. 66ರವು ತಟ್ಟೆಯ ಬೆನ್ನಿನಂತೆ ಸ್ವಲ್ಪ ಉಬ್ಬು. ದಪ್ಪದಲ್ಲಿಯೂ ಸುಮಾರು ಒಂದು ಮಿಲಿಮೀಟರಿನ ವ್ಯತ್ಯಾಸ. ಒಂದರ ಬಾಬಿನ್ನು ಇನ್ನೊಂದಕ್ಕೆ ಹಾಕಿದರೆ ಕೆಲವು ವೇಳೆ ಕೂರುತ್ತದೆ, ನಾಲ್ಕು ಅಂಗುಲ ಹೊಲಿಯುತ್ತದೆ ಸಹ. ಆಮೇಲೆ ದಾರ ಗಂಟಾಗಿ, ಬಟ್ಟೆಯ ಅಡಿಯಲ್ಲಿ ಹಕ್ಕಿಯ ಗೂಡು ಕಟ್ಟುತ್ತದೆ. ಆಗ ಜನ ಬಯ್ಯುವುದು ಮಿಷನ್ನನ್ನು.

ಕೇಸಿನಲ್ಲಿಯೂ ಇಂಥದೇ ಸೂಕ್ಷ್ಮವಿದೆ. 15ರ ಕೇಸಿಗೆ ಒಂದು ಪುಟ್ಟ ಬೆರಳು ಚಾಚಿಕೊಂಡಿರುತ್ತದೆ. ಕೆಲವು ಕೇಸುಗಳಲ್ಲಿ ಅದು ಗಡಿಯಾರದ ಹನ್ನೊಂದು ಗಂಟೆಯ ಕಡೆ, ಕೆಲವಲ್ಲಿ ಒಂದು ಗಂಟೆಯ ಕಡೆ ತೋರಿಸುತ್ತದೆ. ಉಳಿದುದೆಲ್ಲ ಒಂದೇ. ಬೆರಳು ತನ್ನ ಗಾಡಿಯಲ್ಲಿ ಕೂರದಿದ್ದರೆ ಕೇಸು ನಿಲ್ಲುವುದಿಲ್ಲ.

ಈಗ ಬೀದಿಗಿಳಿಯೋಣ. ನಮ್ಮ ಮನೆಯಿಂದ ಸ್ವಲ್ಪ ದೂರ ನಡೆದರೆ ಪ್ರಿನ್ಸ್ ಅನ್ವರ್ ಶಾ ರಸ್ತೆ. ಈ ಅನ್ವರ್ ಶಾ ಬೇರೆ ಯಾರೂ ಅಲ್ಲ, ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನರ ವಂಶದವರು. 1806ರ ವೆಲ್ಲೂರು ದಂಗೆಯ ತರುವಾಯ ಇಂಗ್ಲಿಷರು ಆ ಮನೆತನವನ್ನು ಕಲ್ಕತ್ತೆಗೆ ಸಾಗಿಸಿ ಟಾಲಿಗಂಜಿನ ಸುತ್ತ ಇರಿಸಿದರು. ಎರಡು ಶತಮಾನದ ಹಿಂದೆಯೇ ಮೈಸೂರು ಸೀಮೆಯವರು ಈ ಕಡೆ ಸಂಸಾರ ಹೂಡಿದ್ದರೆಂದು ನೆನೆದರೆ ರಸ್ತೆಯ ಹೆಸರು ಓದುವಾಗ ಏನೋ ಒಂದು ನಂಟು ತೋರುತ್ತದೆ.

ಈ ರಸ್ತೆಯಲ್ಲಿಯೇ ಜಯ್ ಎಂಜಿನಿಯರಿಂಗ್ ವರ್ಕ್ಸಿನ ಕಾರ್ಖಾನೆ ಇತ್ತು. ಉಷಾ ಮಿಷನ್ನು ಹುಟ್ಟಿದ್ದು ಆ ಕಂಪೆನಿಯಿಂದ. ಬಿಷನ್ ದಾಸ್ ಬೇಸಿಲ್ ಎಂಬವರು 1930ರ ದಶಕದಲ್ಲಿ ದೇಶದಲ್ಲಿಯೇ ಹೊಲಿಗೆಯ ಮಿಷನ್ನು ಮಾಡಿಸುವ ಸಾಹಸಕ್ಕೆ ಕೈಹಾಕಿದರು; ಮಗಳ ಹೆಸರನ್ನೇ ಅದಕ್ಕಿಟ್ಟರೆಂದು ಹೇಳುತ್ತಾರೆ. 1938ರಲ್ಲಿ ದೆಹಲಿಯ ಲಾಲಾ ಶ್ರೀರಾಮರು ಆ ಕಂಪೆನಿಯನ್ನು ವಹಿಸಿಕೊಂಡು ಬೆಳೆಸಿದರು. ಹುಬ್ಬಳ್ಳಿ, ದಾವಣಗೆರೆ, ಮಂಗಳೂರುಗಳ ಮನೆಗಳಲ್ಲಿ ತಾಯಂದಿರು ತುಳಿದ ಎಷ್ಟೋ ಉಷಾ ಮಿಷನ್ನುಗಳ ಬೇರು ಈ ಕಲ್ಕತ್ತೆಯ ಕಂಪೆನಿಯಲ್ಲಿದೆ. ಈಗ ಆ ಕಾರ್ಖಾನೆ ಇಲ್ಲ. ಅದರ ನೆಲದಲ್ಲಿ ಸೌತ್ ಸಿಟಿಯ ಮುಗಿಲೆತ್ತರದ ಮನೆಗಳೂ, 2008ರಲ್ಲಿ ತೆರೆದ ದೊಡ್ಡ ಅಂಗಡಿ-ಸಂಕೀರ್ಣವೂ ನಿಂತಿವೆ. ಗಾಜಿನ ಕಪಾಟಿನಲ್ಲಿ ಹೊಲಿದ ಬಟ್ಟೆಗಳೇ ಬಟ್ಟೆಗಳು. ಅಲ್ಲಿ ನಿಂತು ಬಾಬಿನ್ನು ಎಂದರೆ ಮಾರುವ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ.

ಹಳೆಯ ಉಷಾ ಇದ್ದವರಿಗೆ ಸಮಾಧಾನದ ಮಾತೊಂದಿದೆ. ಮನೆಬಳಕೆಯ ಕಪ್ಪು ಉಷಾಗಳಲ್ಲಿ ನಾವು ಕಂಡ ಬಹಳಷ್ಟು ಸಿಂಗರಿನ 15ರ ಮಾದರಿಯನ್ನೇ ಅನುಸರಿಸಿದವು. ಪಂಜಾಬಿನ ಲೂಧಿಯಾನದಲ್ಲಿ ಈ ಜಾತಿಯ ಬಿಡಿಭಾಗಗಳು ಇಂದಿಗೂ ತಯಾರಾಗುತ್ತವೆ. ಕಷ್ಟವೆಲ್ಲ ಲಾಳಿಯ ಮಿಷನ್ನಿನದು.

ಅಂಥ ಕಷ್ಟದ ಮಿಷನ್ನೊಂದು ಕಳೆದ ವರ್ಷ ನಮ್ಮ ಕೈಗೆ ಬಂತು. ಕನ್ನಡದವರ ಕೂಟದಲ್ಲಿ ಪರಿಚಯವಾದ ರಾಣೆಬೆನ್ನೂರಿನ ಕಡೆಯ ಅಕ್ಕನವರೊಬ್ಬರದು ಅದು. ಮದುವೆಯಾಗಿ ಈ ಊರಿಗೆ ಬಂದು ನಲವತ್ತು ವರ್ಷವಾಯಿತು. ಯಜಮಾನರು ತೀರಿಕೊಂಡು ನಾಲ್ಕು ವರ್ಷ. ಮಗ ದೂರದ ಊರಿನಲ್ಲಿದ್ದಾನೆ. ಹಣ ಕಳಿಸುತ್ತಾನೆ, ಕರೆಯುತ್ತಾನೆ. ಅಕ್ಕನವರಿಗೆ ಮಾತ್ರ ತಮ್ಮ ಕೈಖರ್ಚನ್ನು ತಾವೇ ದುಡಿಯುವ ಹಟ. ನೆರೆಹೊರೆಯವರ ಸೀರೆಗೆ ಫಾಲ್ ಹಚ್ಚುವುದು, ಲಂಗ ಹೊಲಿಯುವುದು, ಕುಪ್ಪಸದ ಅಳತೆ ಸರಿಪಡಿಸುವುದು ಅವರ ಕೆಲಸ. ಮಿಷನ್ನು ತಾಯಿಯದು: ಕೈಯಿಂದ ತಿರುಗಿಸುವ ಸಿಂಗರ್ 28ಕೆ, ಬಾಗಿದ ಮರದ ಮುಚ್ಚಳ ಸಹಿತ. ಬಾಡಿಗೆ ಮನೆ ಬದಲಿಸುವ ಗಲಾಟೆಯಲ್ಲಿ ಅದರ ಲಾಳಿಯೂ ಬಾಬಿನ್ನುಗಳೂ ಇದ್ದ ತಗಡಿನ ಡಬ್ಬಿ ಕಾಣೆಯಾಯಿತು. ಮೂರು ಜನ ರಿಪೇರಿಯವರು ಬಂದು ನೋಡಿ, ಮೂವರೂ ತೂಕದ ಬೆಲೆ ಹೇಳಿ ಹೋದರು.

"ಹೊಸಾದು ತಗೋರಿ ಅಂತಾರ ಎಲ್ಲಾರೂ. ನಮ್ಮಪ್ಪ ಹೋದ ಮ್ಯಾಲೆ ನಮ್ಮವ್ವ ಇದರ ಮ್ಯಾಲೆ ನಾಕು ಮಂದೀನ ಸಾಕಿದ್ಲು, ತಮ್ಮಾ. ಅದನ್ನ ತೂಕಕ್ಕ ಹಾಕಂದ್ರ ಹೆಂಗ ಹಾಕ್ಲಿ? ಸುಮ್ನ ಮೂಲ್ಯಾಗ ಕುಂತ್ರೂ ಕುಂದ್ರಲಿ ಬಿಡ್ರಿ" ಎಂದು ಅಕ್ಕನವರು ಹೇಳಿದಾಗ ಅವರ ಕೈ ಆ ಮುಚ್ಚಳದ ಮೇಲೆಯೇ ಇತ್ತು. ನಾಲ್ಕು ತಿಂಗಳಿಂದ ಹೊಲಿಗೆ ನಿಂತಿತ್ತು. ಬರುತ್ತಿದ್ದ ಗಿರಾಕಿಗಳು ಬೇರೆ ಕಡೆ ಹೋಗತೊಡಗಿದ್ದರು. ಊರಿಗೆ ಬಂದವಳು ನೀರಿಗೆ ಬಾರಳೇ ಎನ್ನುತ್ತಾರೆ. ಈ ಮಿಷನ್ನಿನ ಲಾಳಿ ಈ ಊರಿನಲ್ಲಿ ಎಲ್ಲಿಯೋ ಇದ್ದೇ ಇರುತ್ತದೆಂದು ನಾವು ಹುಡುಕಲು ಹೊರಟೆವು.

ಕಚೇರಿ ಬಿಟ್ಟ ಮೇಲೆ ಲಾಲ್‌ಬಜಾರಿನಿಂದ ಬೆಂಟಿಂಕ್ ಬೀದಿ ಹಿಡಿದು ಧರ್ಮತಲಾದವರೆಗೆ ನಡೆಯುವುದು ನಮ್ಮ ಮೊದಲನೆಯ ದಾರಿ. ಈ ಬೀದಿ ಚೀನೀಯರ ಪಾದರಕ್ಷೆಯ ಅಂಗಡಿಗಳಿಗೆ ಹೆಸರಾದದ್ದು. ಈಗ ಅವು ಮೊದಲಿನಷ್ಟಿಲ್ಲ. ಚರ್ಮ ಹೊಲಿಯುವವರ ಬಳಿ ಸಿಂಗರ್ 29ಕೆ ಎಂಬ ವಿಚಿತ್ರ ಮಿಷನ್ನು ಇರುವುದುಂಟು. ಅದರ ತೋಳು ಸೊಂಡಿಲಿನಂತೆ ಉದ್ದ, ಕಾಲು ಯಾವ ದಿಕ್ಕಿಗಾದರೂ ತಿರುಗುತ್ತದೆ, ಬಾಬಿನ್ನು ಮಾತ್ರ ಬಟಾಣಿಯಷ್ಟು ಸಣ್ಣದು. ಚಪ್ಪಲಿ ಹೊಲಿಯುವವರೊಬ್ಬರು ನಮ್ಮ ಅಹವಾಲು ಕೇಳಿ, ತಮ್ಮ ಬಾಬಿನ್ನನ್ನು ತೋರಿಸಿ, "ನಮ್ಮ ಕಷ್ಟ ನಿಮಗಿಂತ ದೊಡ್ಡದು, ದಾದಾ" ಎಂದು ನಕ್ಕರು.

ಬೀದಿಯ ತುದಿಗೆ ಬಂದರೆ ಧರ್ಮತಲಾದ ಮೂಲೆಯಲ್ಲಿ ಟಿಪ್ಪು ಸುಲ್ತಾನರ ಹೆಸರಿನ ಮಸೀದಿ. ಅವರ ಮಗ ಗುಲಾಮ್ ಮಹಮ್ಮದರು 1842ರಲ್ಲಿ ಕಟ್ಟಿಸಿದ್ದು. ಅಲ್ಲಿಗೆ ಹತ್ತಿರವೇ ಚಾಂದನಿ ಚೌಕದ ಮಾರುಕಟ್ಟೆ. ದೀಪ, ಫ್ಯಾನು, ರೇಡಿಯೋ, ಫೋನು, ಯಾವುದರ ಯಾವ ಭಾಗ ಬೇಕಾದರೂ ಅಲ್ಲಿ ಕೇಳಬಹುದು. ಫೋನಿನಲ್ಲಿ ತೆಗೆದ ಲಾಳಿಯ ಚಿತ್ರವೊಂದನ್ನು ನಾವು ಮುಂದೆ ಹಿಡಿದಾಗ ಮುದುಕ ವ್ಯಾಪಾರಿಯೊಬ್ಬರು ತಲೆಯಾಡಿಸಿ, "ಚಿತ್ರಕ್ಕೆ ಉದ್ದ ಇದೆ, ಅಗಲ ಇದೆ, ದಪ್ಪ ಎಲ್ಲಿದೆ?" ಎಂದು ಕೇಳಿದರು. ಬಿ.ಎ. ಓದಿದ ನಮಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ನಮ್ಮ ಚೀಲದಲ್ಲಿ ಮಿಷನ್ನಿನ ಲಾಳಿ ಕೂರುವ ತೊಟ್ಟಿಲಿನ ಅಳತೆ ಬರೆದ ಚೀಟಿಯೊಂದು ಸೇರಿತು.

ಪಾರ್ಕ್ ಬೀದಿಯು ಆಚಾರ್ಯ ಜಗದೀಶ್ ಚಂದ್ರ ಬೋಸ್ ರಸ್ತೆಯನ್ನು ಕೂಡುವ ಮಲ್ಲಿಕ್ ಬಜಾರು ಎರಡನೆಯ ಕ್ಷೇತ್ರ. ಬಿಚ್ಚಿದ ಮೋಟಾರುಗಳ ರಾಶಿಯ ನಡುವೆ ಒಮ್ಮೊಮ್ಮೆ ಹೊಲಿಗೆ ಮಿಷನ್ನಿನ ತಲೆಯೂ ಸಿಕ್ಕುತ್ತದೆ. ಮೂರನೆಯದು ರಸೆಲ್ ಬೀದಿ. 1940ರಿಂದ ಇರುವ ರಸೆಲ್ ಎಕ್ಸ್‌ಚೇಂಜಿನ ಹರಾಜು ಪ್ರಸಿದ್ಧವಾದದ್ದು. ಹಳೆಯ ಮನೆಗಳು ಮುಚ್ಚಿದಾಗ ಬರುವ ಮೇಜು, ಕನ್ನಡಿ, ಪಿಂಗಾಣಿಗಳ ಸಂಗಡ ಹೊಲಿಗೆ ಮಿಷನ್ನು ಕಾಣುವುದೂ ಉಂಟು. ಹರಾಜು ಯಾವುದೇ ಆಗಲಿ, ಕೂಗುವ ಮೊದಲು ಜಾರುತಟ್ಟೆಯನ್ನು ಸರಿಸಿ ಒಳಗೆ ನೋಡಬೇಕು. ಮರದ ಪೆಟ್ಟಿಗೆಯ ಪಕ್ಕದ ಗುಪ್ತ ಅರೆಯನ್ನು ಎತ್ತಿ ನೋಡಬೇಕು. ಒಳ್ಳೆಯ ಮಿಷನ್ನಿಗಿಂತ ತುಂಬಿದ ಅರೆ ಮೇಲು.

ಆ ಅರೆಯಲ್ಲಿ ಇರುವುದು ಬಾಬಿನ್ನು ಮಾತ್ರವಲ್ಲ. ಅಂಚನ್ನು ತಾನೇ ಮಡಿಚಿಕೊಂಡು ಹೊಲಿಯುವ ಸುರುಳಿ ಪಾದ, ಪಟ್ಟಿ ಕೂಡಿಸುವ ಕೊಂಬು, ಸಮನಾಗಿ ಮಡಿಕೆ ಗುರುತಿಸುವ ಪಟ್ಟಿ, ಹಾಸಿಗೆಯ ಹೊದಿಕೆಗೆ ಗೆರೆ ತಪ್ಪದಂತೆ ನಡೆಸುವ ಕಡ್ಡಿ, ಇಂಥ ಹತ್ತಾರು ಉಪಕರಣಗಳು. ನಮ್ಮ ಮನೆಯೊಡತಿಯ ಮೆಚ್ಚಿನದು ನೆರಿಗೆ ಹಾಕುವ ಸಾಧನ. ಅದರ ಕವಲುತೋಳು ಸೂಜಿ ಹಿಡಿಯುವ ಸ್ಕ್ರೂವಿನ ಮೇಲೆ ಕೂತು, ಸೂಜಿ ಏರಿಳಿದಂತೆ ತಾನೂ ಏರಿಳಿದು, ಹಲ್ಲುಳ್ಳ ತಗಡಿನಿಂದ ಬಟ್ಟೆಯನ್ನು ಒಂದೊಂದೇ ಮಡಿಕೆ ತಳ್ಳುತ್ತದೆ. ಮಗುವಿನ ಲಂಗದ ಒಂದು ಗಜ ನೆರಿಗೆಗೆ ಕೈಯಲ್ಲಿ ಅರ್ಧ ಗಂಟೆ ಹಿಡಿದರೆ ಇದರಲ್ಲಿ ಎರಡು ನಿಮಿಷ. 1889ರಲ್ಲಿ ಪೇಟೆಂಟಾದ ಸಿಂಗರಿನ ಮಡಿಚುವ ಮರದ ಪೆಟ್ಟಿಗೆಯೊಂದಿದೆ. ತೆರೆದರೆ ಹಲಗೆಯಂತೆ ಹರಡಿಕೊಳ್ಳುತ್ತದೆ, ಮಡಿಚಿದರೆ ಇವೆಲ್ಲ ಒಳಗೆ. ಒಂದೊಂದಕ್ಕೂ ಅದರದೇ ಮನೆ; ಒಂದು ಕಾಣೆಯಾದರೆ ಖಾಲಿ ಮನೆ ನೋಡಿದೊಡನೆ ಗೊತ್ತಾಗುತ್ತದೆ.

ಈ ಉಪಕರಣಗಳು ಬಾಬಿನ್ನಿನಷ್ಟು ಹಟಮಾರಿಯಲ್ಲ. ಪಾದ ಸಿಕ್ಕಿಸುವ ಕಂಬದ ಎತ್ತರ ಹೊಂದಿದರೆ ಒಂದು ಕಂಪೆನಿಯದು ಇನ್ನೊಂದಕ್ಕೂ ಆಗುತ್ತದೆ. ಪಾದವನ್ನು ಕೆಳಗಿಳಿಸಿ, ತಟ್ಟೆಯಿಂದ ಸ್ಕ್ರೂವಿನ ನಡುವಿನವರೆಗೆ ಅಳೆಯಿರಿ. ಸುಮಾರು ಅರ್ಧ ಅಂಗುಲವಿದ್ದರೆ ಗಿಡ್ಡ ಕಂಬ, ಒಂದು ಅಂಗುಲವಿದ್ದರೆ ಎತ್ತರದ ಕಂಬ. ಮನೆಯ ಹಳೆಯ ಮಿಷನ್ನುಗಳಲ್ಲಿ ಹೆಚ್ಚಿನವು ಗಿಡ್ಡ ಕಂಬದವೇ. ಒಂದು ಎಚ್ಚರಿಕೆ: ಮೊದಮೊದಲಿನ ಕೆಲವು 66ಗಳಲ್ಲಿ ಪಾದವನ್ನು ಬದಿಯಿಂದಲ್ಲ, ಹಿಂದಿನಿಂದ ಬಿಗಿಯಬೇಕು. ಅವಕ್ಕೆ ಅವುಗಳದೇ ಉಪಕರಣ ಬೇಕು. ತುಕ್ಕಿನ ಅಡಿಯಲ್ಲಿ ಸಿಮಾಂಕೋ ಎಂಬ ಅಕ್ಷರಗಳು ಕಂಡರೆ ಅದು ಸಿಂಗರ್ ಮ್ಯಾನುಫ್ಯಾಕ್ಚರಿಂಗ್ ಕಂಪೆನಿಯ ಹೆಸರಿನ ಸಂಕ್ಷೇಪ. ಪಕ್ಕದ ಅಂಕೆ ಆ ಭಾಗದ ನಂಬರು. ಬರೆದಿಟ್ಟುಕೊಳ್ಳಿ, ಹುಡುಕಲು ಅದಕ್ಕಿಂತ ಒಳ್ಳೆಯ ವಿಳಾಸವಿಲ್ಲ.

ಅಕ್ಕನವರ ಲಾಳಿಗೆ ಹಿಂದಿರುಗೋಣ. ಮೂರು ವಾರ ಅಲೆದ ಮೇಲೆ ಒಂದು ಅಂಗಡಿಯಲ್ಲಿ ಲಾಳಿ ಸಿಕ್ಕಿತು. ಒಗ್ಗದಿದ್ದರೆ ಹಿಂದಕ್ಕೆ ಕೊಡಿ ಎಂದು ಅವರೇ ಹೇಳಿ ಕಳುಹಿಸಿದರು. ಚೀಟಿಯ ಅಳತೆಗೆ ಹತ್ತಿರ ಹತ್ತಿರ ಬಂತು. ತೊಟ್ಟಿಲಿನಲ್ಲಿ ಕೂತಿತು. ಆದರೆ ಚಕ್ರ ತಿರುಗಿಸಿದರೆ ನಾಲ್ಕನೆಯ ಹೊಲಿಗೆಗೆ ದಾರ ಪಟ್ಟೆಂದು ಹರಿಯುತ್ತಿತ್ತು. ಲಾಳಿ ಕೂತರೆ ಸಾಲದು ಎಂಬುದು ಇಲ್ಲಿಯ ಗುಟ್ಟು. ಸೂಜಿ ಕೆಳಗೆ ತಂದ ದಾರದ ಕುಣಿಕೆ ಇಡೀ ಲಾಳಿಯ ಮೈ ಸುತ್ತಿ ದಾಟಿಹೋಗಬೇಕು. ಹಾಗೆ ದಾಟಲು ತೊಟ್ಟಿಲಿಗೂ ಲಾಳಿಗೂ ನಡುವೆ ದಾರದಷ್ಟು ಸಂದು ಬೇಕು. ಬಿಗಿಯಾಗಿ ಕೂತ ಲಾಳಿ ದಾರವನ್ನು ಬಿಡುವುದಿಲ್ಲ, ಸಡಿಲವಾದದ್ದು ಕುಣಿಕೆಯನ್ನು ಹಿಡಿಯುವುದಿಲ್ಲ. ಸಿಕ್ಕಿದ ಲಾಳಿಯನ್ನು ಹಿಂದಕ್ಕೆ ಕೊಟ್ಟಾಗ ಅಂಗಡಿಯವರೇ ದಾರಿ ತೋರಿಸಿದರು: "ಮೇಟಿಯಾಬುರುಜಿಗೆ ಹೋಗಿ."

ಹೀಗೆ ಒಂದು ಭಾನುವಾರ ಬೆಳಗ್ಗೆ ಮಿಷನ್ನನ್ನು ಮುಚ್ಚಳ ಸಹಿತ ಹೊತ್ತುಕೊಂಡು ಖಿದಿರಪುರದ ಬಂದರು ದಾಟಿ, ಗಾರ್ಡನ್ ರೀಚ್ ರಸ್ತೆಯಲ್ಲಿ ಬಸ್ಸಿನಲ್ಲಿ ಹೊರಟೆವು. ಅಯೋಧ್ಯೆಯ, ಎಂದರೆ ಅವಧದ, ಕೊನೆಯ ನವಾಬ ವಾಜಿದ್ ಅಲಿ ಶಾ ರಾಜ್ಯ ಕಳೆದುಕೊಂಡು 1856ರಲ್ಲಿ ಬಂದು ನೆಲೆಸಿದ ಜಾಗವಿದು. 1887ರಲ್ಲಿ ಆತ ತೀರಿಕೊಂಡ. ಸಮಾಧಿ ಇಲ್ಲಿಯ ಸಿಬ್ತೈನಾಬಾದ್ ಇಮಾಂಬಾಡದಲ್ಲಿದೆ. ನವಾಬನ ಹಿಂದೆ ಗಾಯಕರು, ಅಡಿಗೆಯವರು, ದರ್ಜಿಗಳು ಬಂದರು. ಸಂಗೀತ ಚದುರಿಹೋಯಿತು, ಸೂಜಿ ಉಳಿಯಿತು. ಇಂದು ಮೇಟಿಯಾಬುರುಜು ಸಿದ್ಧ ಉಡುಪಿನ ದೊಡ್ಡ ಪೇಟೆ. ಹೊಲಿಸುವ ಯಜಮಾನನಿಗೆ ಇಲ್ಲಿ ಓಸ್ತಾಗರ್ ಎನ್ನುತ್ತಾರೆ. ದುರ್ಗಾಪೂಜೆಗೂ ಈದಿಗೂ ಮೊದಲಿನ ವಾರಗಳಲ್ಲಿ ಗಲ್ಲಿಗೆ ಕಾಲಿಟ್ಟರೆ ಮನೆ ಮನೆಯಿಂದಲೂ ಜೇನುಗೂಡಿನಂತೆ ಮಿಷನ್ನಿನ ಸದ್ದು.

ವಿಚಾರಿಸುತ್ತ ಹೋದಾಗ ಒಬ್ಬ ವೃದ್ಧ ಮಿಸ್ತ್ರಿಯವರ ಬಾಗಿಲು ತೋರಿಸಿದರು. ಆರಡಿ ಉದ್ದ, ನಾಲ್ಕಡಿ ಅಗಲದ ಅಂಗಡಿ. ಅವರು ನಮ್ಮ ಚೀಟಿಯನ್ನು ನೋಡಲೇ ಇಲ್ಲ. ಮಿಷನ್ನಿನ ಜಾರುತಟ್ಟೆಯನ್ನು ಸರಿಸಿ, ಕಿರುಬೆರಳನ್ನು ತೊಟ್ಟಿಲಿನಲ್ಲಿ ಆಡಿಸಿದರು. ಆಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತೆಗೆದು ಹಾಳೆಯ ಮೇಲೆ ಸುರಿದರು. ಎಣ್ಣೆ ಸವರಿದ ಇಪ್ಪತ್ತು ಮೂವತ್ತು ಲಾಳಿಗಳು! ನೋಡಲು ಎಲ್ಲವೂ ಒಂದೇ. ಅವರು ಒಂದೊಂದನ್ನೇ ಎತ್ತಿ, ಚೂಪಾದ ತುದಿಯ ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತ ಬಂದರು. ಉಗುರಿಗೆ ತಡೆದರೆ ದಾರಕ್ಕೂ ತಡೆಯುತ್ತದೆ, ಅಂಥದ್ದು ಬದಿಗೆ. ಕೆಲವು ಜರ್ಮನಿಯ ಮಿಷನ್ನಿನವು ಎಂದು ಇನ್ನೊಂದು ಬದಿಗೆ. ನೋಡಲು ಸಿಂಗರಿನಂತೆಯೇ ಇದ್ದು ಕೂದಲೆಳೆಯಷ್ಟು ವ್ಯತ್ಯಾಸ. ಕೊನೆಗೆ ಎರಡು ಉಳಿದವು.

"ಬಾಬೂ, ಜನ ಲಾಳಿಯನ್ನು ಮಾತ್ರ ತರುತ್ತಾರೆ, ಇಲ್ಲವೇ ಹೆಸರನ್ನು ಮಾತ್ರ ತರುತ್ತಾರೆ. ನೀವು ಮಿಷನ್ನನ್ನೇ ತಂದಿದ್ದೀರಿ. ಇದು ಸರಿ. ವರನನ್ನು ಬಿಟ್ಟು ಸಂಬಂಧ ಕುದುರಿಸಲಾದೀತೇ?" ಎಂದು ಅವರು ಹಿಂದಿಯಲ್ಲಿ ಹೇಳಿ, ಉಳಿದ ಎರಡರಲ್ಲಿ ಒಂದನ್ನು ತೊಟ್ಟಿಲಿಗೆ ಹಾಕಿದರು. ಒಂದು ಎಳೆ ದಾರವನ್ನು ಅದರ ಸುತ್ತ ಎಳೆದು ನೋಡಿದರು. ಲಾಳಿಯ ಮೇಲಿನ ಎಲೆಯಂಥ ಸ್ಪ್ರಿಂಗನ್ನು ಕಾಲು ಸುತ್ತು ಸಡಿಲಿಸಿದರು. ಸೂಜಿಯನ್ನೂ ತೆಗೆದು ನೋಡಿದರು. ಉದ್ದದ ಗಾಡಿ ಇರುವ ಕಡೆಯಿಂದಲೇ ದಾರ ಪೋಣಿಸಬೇಕು, ಚಪ್ಪಟೆಯ ಬದಿ ಅದಕ್ಕೆ ಎದುರಾಗಿರಬೇಕು ಎಂಬುದನ್ನು ನಮಗೆ ತೋರಿಸಿದರು. ಆಮೇಲೆ ಕೈಚಕ್ರವನ್ನು ನಮ್ಮ ಮನೆಯೊಡತಿಯ ಕಡೆ ತಿರುಗಿಸಿ, "ದೀದಿ, ನೀವು ಹೊಲಿಯಿರಿ" ಎಂದರು.

ಹಳೆಯ ಧೋತ್ರದ ತುಂಡಿನ ಮ್ಯಾಲೆ ಒಂದು ಮೊಳ ಹೊಲಿಗೆ ಬಿತ್ತು. ಅವರಿಬ್ಬರೂ ಮೇಲೆ ಕೆಳಗೆ ತಿರುವಿ ನೋಡಿದರು. ಎರಡು ಬದಿಯೂ ಒಂದೇ ಸಮ. ಗಂಟಿಲ್ಲ, ಬಿಟ್ಟ ಹೊಲಿಗೆಯಿಲ್ಲ. ಲಾಳಿಗೂ ನಾಲ್ಕು ಉದ್ದ ಬಾಬಿನ್ನಿಗೂ ಸೇರಿ ಮಿಸ್ತ್ರಿಯವರು ತೆಗೆದುಕೊಂಡದ್ದು 450 ರೂಪಾಯಿ. ಡಬ್ಬಿಯ ಉಳಿದ ಲಾಳಿಗಳನ್ನು ಏನು ಮಾಡುತ್ತೀರೆಂದು ಕೇಳಿದೆವು. ಮಗ ಈ ಕೆಲಸಕ್ಕೆ ಬರಲಿಲ್ಲ, ಈಗಿನ ವಿದ್ಯುತ್ತಿನ ಮಿಷನ್ನುಗಳ ರಿಪೇರಿ ಕಲಿತ. ಕೇಳುವವರು ಬರುವ ತನಕ ಇಟ್ಟಿರುತ್ತೇನೆ ಎಂದರು. ಅವರಿಗೆ ಗೊತ್ತಿರುವುದು ಯಾವ ಪುಸ್ತಕದಲ್ಲಿಯೂ ಇಲ್ಲ, ಆ ಉಗುರಿನ ತುದಿಯಲ್ಲಿದೆ. ಅಂದಿನಿಂದ ನಾವು ತಿಂಗಳಿಗೊಮ್ಮೆ ಹೋಗಿ, ಅವರು ಹೇಳಿದ್ದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇವೆ.

ಅಕ್ಕನವರು ಮಿಷನ್ನಿನ ಮುಂದೆ ಕೂತು ಮೊದಲು ಹೊಲಿದದ್ದು ಒಂದು ಪುಟ್ಟ ಚೀಲ, ಎಳೆಯುವ ದಾರ ಸಹಿತ. ಲಾಳಿಯನ್ನು ತೆಗೆದರೆ ಅದರಲ್ಲಿಡುವುದು, ಚೀಲವನ್ನು ಮಿಷನ್ನಿನ ಕೈಹಿಡಿಗೇ ಕಟ್ಟುವುದು. "ಇನ್ ಎಲ್ಲಿ ಹೋಗ್ತದ ನೋಡೂಣು" ಎಂದರು. ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದ್ದಾರೆ. ಈಗ ಅವರಿಗೆ ತಿಂಗಳ ಮನೆಯ ಹಾಲಿಗೂ ತರಕಾರಿಗೂ ಮಗನ ಹಣ ಮುಟ್ಟಬೇಕಾಗಿಲ್ಲ. ಅದನ್ನು ಹಾಗೆಯೇ ಅಂಚೆ ಕಚೇರಿಯ ಖಾತೆಯಲ್ಲಿ ಮೊಮ್ಮಗಳ ಹೆಸರಿಗೆ ಹಾಕುತ್ತಿದ್ದಾರೆ.

ಊರು ಬಿಟ್ಟು ಊರಿಗೆ ಬಂದ ನಮ್ಮಂಥವರ ಮನೆಗಳಲ್ಲಿ ಇಂಥ ಮಿಷನ್ನು ಒಂದಾದರೂ ಇರುತ್ತದೆ; ಅಟ್ಟದ ಮೇಲೆಯೋ, ಮಂಚದ ಕೆಳಗೋ, ಮೇಲೆ ಹೂದಾನಿ ಹೊತ್ತುಕೊಂಡೋ. ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ. ಒಂದು ರಜಾ ದಿನ ಅದರ ಜಾರುತಟ್ಟೆಯನ್ನು ಸರಿಸಿ ನೋಡಿ. ಲಾಳಿಯೋ, ಚಪ್ಪಟೆ ಬಾಬಿನ್ನೋ, ಉಬ್ಬು ಬಾಬಿನ್ನೋ ಗುರುತಿಸಿ, ಕ್ರಮಸಂಖ್ಯೆಯ ಜೊತೆ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ. ಬಿಡಿ ಸಾಮಾನುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಮಿಷನ್ನಿಗೇ ಕಟ್ಟಿ. ಕಳೆದುಹೋಗಿದ್ದರೆ ಹೆಸರು ಹಿಡಿದು ಹುಡುಕದೆ ಮಿಷನ್ನನ್ನೇ ಹೊತ್ತುಕೊಂಡು ಹೋಗಿ. ನಿಮ್ಮ ಊರಿನಲ್ಲಿಯೂ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು ಕಾಯುತ್ತಿರುವ ಮುದುಕರೊಬ್ಬರು ಇದ್ದಾರು. ಕೇಸಿನ ಬಾಬಿನ್ನಾದರೆ ಇನ್ನೊಂದು ಪರೀಕ್ಷೆ: ತುಂಬಿದ ಕೇಸನ್ನು ದಾರದ ತುದಿ ಹಿಡಿದು ತೂಗಬಿಡಿ. ತಾನಾಗಿ ಜಾರಬಾರದು, ಕೈಯನ್ನು ಮೆಲ್ಲಗೆ ಕೊಡವಿದರೆ ಒಂದೆರಡು ಅಂಗುಲ ಇಳಿದು ನಿಲ್ಲಬೇಕು.

ಕಿಲ್ಬೋವಿಯ ಕಾರ್ಖಾನೆ 1980ರಲ್ಲಿ ಮುಚ್ಚಿತು. ಸಿಂಗರ್ ಎಂಬ ರೈಲು ನಿಲ್ದಾಣ ಮಾತ್ರ ಇಂದಿಗೂ ಅಲ್ಲಿದೆ. ಪ್ರಿನ್ಸ್ ಅನ್ವರ್ ಶಾ ರಸ್ತೆಯ ಕಾರ್ಖಾನೆಯ ಗತಿಯನ್ನು ಮೇಲೆ ಹೇಳಿದೆವು. ಮಾಡಿದವರು ಹೋದರು, ಮಾಡಿದ ಜಾಗಗಳೂ ಹೋದವು. ಆದರೂ ಮಿಷನ್ನು ಹೊಲಿಯುತ್ತದೆ. ಅದಕ್ಕೆ ಬೇಕಾದದ್ದು ಒಂದಿಷ್ಟು ಎಣ್ಣೆ, ತನ್ನದೇ ಲಾಳಿ, ಮತ್ತು ಅವೆರಡನ್ನೂ ಬೇರೆಯಾಗಲು ಬಿಡದ ಒಂದು ಮನೆ. ಮೊದಲನೆಯದು ಅಂಗಡಿಯಲ್ಲಿ ಸಿಗುತ್ತದೆ, ಎರಡನೆಯದು ಅಲೆದರೆ ಸಿಗುತ್ತದೆ. ಮೂರನೆಯದನ್ನು ನಾವು ನಾವೇ ಒದಗಿಸಬೇಕು.